ಒಂದೇ .995, ಎರಡು ಉತ್ತರ: ನಾನು ಮಾಡಿದ ಸಿಜಿಪಿಎ ಆ್ಯಪ್ ಎಡವಿದ್ದೆಲ್ಲಿ?

ಬಿಡಿಲೆಕ್ಕ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಕೊನೇ ವರ್ಷದ ವಿದ್ಯಾರ್ಥಿ. ಎರಡನೇ ವರ್ಷದಲ್ಲಿದ್ದಾಗ ಜಾವಾಸ್ಕ್ರಿಪ್ಟ್ ಕಲಿಯೋ ನೆಪದಲ್ಲಿ ಒಂದು ಸಣ್ಣ ವೆಬ್ ಆ್ಯಪ್ ಮಾಡಿದ್ದೆ. ವಿಷಯದ ಕ್ರೆಡಿಟ್ (ಅಂದ್ರೆ ಅದರ ತೂಕ) ಹಾಕಿ, ಬಂದ ಗ್ರೇಡ್ ಆರಿಸಿದರೆ ಆ ಸೆಮ್‌ನ ಸರಾಸರಿ ಎಸ್‌ಜಿಪಿಎ, ಇಲ್ಲಿವರೆಗಿನ ಒಟ್ಟು ಸರಾಸರಿ ಸಿಜಿಪಿಎ ಎರಡನ್ನೂ ಹೇಳುತ್ತೆ. ನಮ್ಮ ಕ್ಲಾಸಿನವರಿಗೆ ಅಂತ ಮಾಡಿದ್ದು. ಅದು ಗ್ರೂಪಿಂದ ಗ್ರೂಪಿಗೆ ಹಾರಿ, ಈಗ ಫಲಿತಾಂಶ ಬಂದ ದಿನ ನನ್ನ ಪುಟ್ಟ ಸರ್ವರ್ ಏದುಸಿರು ಬಿಡುತ್ತೆ.

ಲೆಕ್ಕ ನಿಮಗೆಲ್ಲ ಗೊತ್ತಿರೋದೇ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನ ಅದರ ಕ್ರೆಡಿಟ್‌ನಿಂದ ಗುಣಿಸು, ಎಲ್ಲ ಕೂಡು, ಒಟ್ಟು ಕ್ರೆಡಿಟ್‌ನಿಂದ ಭಾಗಿಸು. ಐದನೇ ಕ್ಲಾಸಿನ ಹುಡುಗನೂ ಮಾಡ್ತಾನೆ.

ಈಗ ಸಮಸ್ಯೆಗೆ ಬರ್ತೀನಿ. ನಮ್ಮ ಕೋರ್ಸಿಗೆ ಒಟ್ಟು 200 ಕ್ರೆಡಿಟ್, 10ರ ಸ್ಕೇಲ್. ನನ್ನ ಗೆಳತಿಯೊಬ್ಬಳ ಒಟ್ಟು ಪಾಯಿಂಟ್ 1599. ಭಾಗಿಸಿದರೆ 7.995. ಆ್ಯಪ್ 8.00 ಅಂತ ತೋರಿಸಿತು. 8 ಮುಟ್ಟಿದರೆ ಪರದೆ ತುಂಬ ಬಣ್ಣದ ಕಾಗದದ ಚೂರು ಉದುರೋ ಹಾಗೆ ಬೇರೆ ಮಾಡಿದ್ದೆ. ಅವಳು ಅದರ ಸ್ಕ್ರೀನ್‌ಶಾಟ್ ಮನೆಗೆ ಕಳಿಸಿದಳು. ಕನಿಷ್ಠ 8 ಕೇಳಿದ್ದ ಒಂದು ಅರ್ಜಿಯಲ್ಲೂ 8.00 ಅಂತ ತುಂಬಿದಳು. ಆಮೇಲೆ ಅಂಕಪಟ್ಟಿ ಬಂತು: 7.99. ಅರ್ಜಿ ತಿರಸ್ಕೃತ.

ರೌಂಡ್ ಮಾಡಿದ್ದೇ ತಪ್ಪು ಅಂದ್ಕೊಂಡು ಕೋಡ್ ತೆಗೆದು ಕೂತೆ. ಅಷ್ಟರಲ್ಲಿ ಇನ್ನೊಬ್ಬ ಸಹಪಾಠಿ ತನ್ನ ಅಂಕಪಟ್ಟಿ ತೋರಿಸಿದ. ಅವನದು 1799 ಪಾಯಿಂಟ್, ಅಂದ್ರೆ 8.995. ಅಂಕಪಟ್ಟಿಯಲ್ಲಿ 8.99. ನನ್ನ ಆ್ಯಪಿನಲ್ಲೂ 8.99!

ಅದೇ ಕೋಡ್, ಅದೇ .995 ಬಾಲ. ಅವಳಿಗೆ ಮೇಲಕ್ಕೆ ಹೋಯ್ತು, ಇವನಿಗೆ ಕೆಳಕ್ಕೆ ಬಂತು. ಎರಡು ದಶಮಾಂಶಕ್ಕೆ ತರೋಕೆ ಟೂಫಿಕ್ಸ್ಡ್ ಫಂಕ್ಷನ್ ಬಿಟ್ಟು ನಾನು ಇನ್ನೇನೂ ಬಳಸಿಲ್ಲ. ಮೂರು ರಾತ್ರಿಯಿಂದ ತಲೆ ಕೆರ್ಕೊಂಡು ಕೂತಿದ್ದೀನಿ. ಯಾರಾದ್ರೂ ಹೇಳ್ತೀರಾ?

ತಲೆಹರಟೆ

ಐದನೇ ಕ್ಲಾಸಿನ ಹುಡುಗ ಮಾಡ್ತಾನೆ ಅಂದ್ಯಲ್ಲ ಗುರು, ಅವನನ್ನೇ ಕರೆಸು.

ಪಾಟಿಬಳಪ

ಅಲ್ರೀ, ಎಕ್ಸೆಲ್ ಅಂತ ಒಂದ ಐತಲ್ರಿ, ಅದ್ರಾಗ ಎರಡ ಕಾಲಮ್ ಹಾಕಿ ಗುಣಿಸಿ ಕೂಡಿಸಿದ್ರ ಮುಗೀತು. ಇದಕ್ಕೊಂದ ಆ್ಯಪು, ಆ ಆ್ಯಪಿಗೊಂದ ಸರ್ವರು, ಮ್ಯಾಲ ಕಾಗದದ ಚೂರು ಬ್ಯಾರೆ. ನಾವು ಓದೂ ಮುಂದ ಅಂಕಪಟ್ಟಿ ಹಿಂದ ಪೆನ್ಸಿಲ್ಲಿಂದ ಲೆಕ್ಕಾ ಹಾಕ್ತಿದ್ವಿ. ಯಾರ ಅರ್ಜೀನೂ ವಾಪಸ್ ಬರ್ಲಿಲ್ಲ.

ದಶಮಾಂಶ

ಬಿಡಿಲೆಕ್ಕ ಅವರೇ, ನಿಮ್ಮ ಕೋಡಿನಲ್ಲಿ ಭೂತ ಇಲ್ಲ. ಇರೋದು ಎರಡರ ಪದ್ಧತಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೂರನೇ ಒಂದು ಭಾಗವನ್ನ ದಶಮಾಂಶದಲ್ಲಿ ಬರೆಯೋಕೆ ಹೋದರೆ 0.333… ಅಂತ ಮುಗಿಯೋದೇ ಇಲ್ಲ, ಎಲ್ಲೋ ಒಂದು ಕಡೆ ಕೈ ಬಿಡ್ತೀವಿ. ಕಂಪ್ಯೂಟರಿಗೆ 7.995 ಕೂಡ ಹಾಗೇ ಮುಗಿಯದ ಸಂಖ್ಯೆ, ಯಾಕಂದ್ರೆ ಅದು ಎಣಿಸೋದು ಎರಡರಲ್ಲಿ. ಐಇಇಇ 754 ಅನ್ನೋ ಮಾನದಂಡ (1985ರದ್ದು) ಹೇಳೋ ಪ್ರಕಾರ 64 ಬಿಟ್‌ಗಳ ಜಾಗದಲ್ಲಿ ಸಂಖ್ಯೆಯ ಅಂಕಿಗಳಿಗೆ ಸಿಗೋದು 53 ಬಿಟ್ ನಿಖರತೆ. ಅಷ್ಟರಲ್ಲಿ ಎಷ್ಟು ಹಿಡಿಸುತ್ತೋ ಅಷ್ಟು ಹತ್ತಿರದ ಸಂಖ್ಯೆಯನ್ನ ಅದು ಇಟ್ಟುಕೊಳ್ಳುತ್ತೆ.

ಒಂದು ಅಳತೆಪಟ್ಟಿ ಅಂದ್ಕೊಳ್ಳಿ. ಸಂಖ್ಯೆ ಯಾವುದಾದರೂ ಒಂದು ಗೆರೆ ಮೇಲೇ ಕೂರಬೇಕು, ಎರಡು ಗೆರೆ ಮಧ್ಯ ಕೂರೋ ಹಾಗಿಲ್ಲ. ಈ ಪಟ್ಟಿಯ ವಿಚಿತ್ರ ಏನಂದ್ರೆ 4ರಿಂದ 8ರವರೆಗೆ ಗೆರೆಗಳು ಒಂದು ಅಂತರದಲ್ಲಿರುತ್ತವೆ, 8 ದಾಟಿದ ತಕ್ಷಣ ಅಂತರ ಎರಡು ಪಟ್ಟಾಗುತ್ತೆ. ನಿಮ್ಮ ಇಬ್ಬರು ಗೆಳೆಯರು ಆ 8ರ ಆಚೆ ಈಚೆ ಇದ್ದಾರೆ, ನೋಡಿ:

7.995 ಒಳಗೆ ಕೂತಿರೋದು 7.9950000000000001… ಆಗಿ. ಅರ್ಧಕ್ಕಿಂತ ಕೂದಲೆಳೆಯಷ್ಟು ಮೇಲೆ. ಟೂಫಿಕ್ಸ್ಡ್ ಅದನ್ನ 8.00 ಮಾಡಿತು.

8.995 ಒಳಗೆ ಕೂತಿರೋದು 8.9949999999999992… ಆಗಿ. ಅರ್ಧಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಅದು 8.99 ಆಯ್ತು.

ಟೂಫಿಕ್ಸ್ಡ್ ಎರಡೂ ಸಲ ಪ್ರಾಮಾಣಿಕವಾಗೇ ಕೆಲಸ ಮಾಡಿದೆ, ಅದರ ಕೈಗೆ ಬಂದ ಸಂಖ್ಯೆಯೇ ಬೇರೆ. ನಂಬಿಕೆ ಬರದಿದ್ದರೆ ಬ್ರೌಸರಿನ ಕನ್ಸೋಲ್‌ನಲ್ಲಿ (ಕೋಡ್ ಬರೆದು ಓಡಿಸಿ ನೋಡೋ ಕಿಟಕಿ) 1.005ಕ್ಕೆ ಟೂಫಿಕ್ಸ್ಡ್ 2 ಹಾಕಿ ನೋಡಿ. 1.01 ಅಲ್ಲ, 1.00 ಬರುತ್ತೆ.

ಪಾಟಿಬಳಪ ಅವರಿಗೆ: ಎಕ್ಸೆಲ್ಲಿನ ರೌಂಡ್ ಅದೇ 1.005 ಅನ್ನ 1.01 ಮಾಡುತ್ತೆ. ಪೈಥಾನಿನ ರೌಂಡ್‌ಗೆ 2.5 ಕೊಟ್ಟರೆ 3 ಅಲ್ಲ, 2 ಅನ್ನುತ್ತೆ, ಸರಿಯಾಗಿ ಅರ್ಧ ಬಂದಾಗ ಅದು ಸಮಸಂಖ್ಯೆಯ ಕಡೆ ವಾಲುತ್ತೆ. ಹಾಗಾಗಿ "ಎಕ್ಸೆಲ್ ಐತಲ್ರಿ" ಅಂದ ಮಾತ್ರಕ್ಕೆ ಜಗಳ ಮುಗಿಯಲ್ಲ. ಮೂರನೇ ಪಂಚ ಬಂದ ಹಾಗೆ ಆಗುತ್ತೆ ಅಷ್ಟೆ.

ಪರಿಹಾರ ಹಳೇದು, ಪಾಟಿ ಬಳಪದ ಕಾಲದ್ದೇ. ಕೊನೇವರೆಗೂ ದಶಮಾಂಶ ಮುಟ್ಟಬೇಡಿ, ಪೂರ್ಣಾಂಕದಲ್ಲೇ ಇರಿ. 1599 ಅನ್ನ 100ರಿಂದ ಗುಣಿಸಿ: 159900. ಅದನ್ನ 200ರಿಂದ ಭಾಗಿಸಿ: ಭಾಗಲಬ್ಧ 799, ಶೇಷ 100. ಶೇಷ ಭಾಜಕದ ಸರಿಯಾಗಿ ಅರ್ಧ. ಒಂದು ಕಣ ಹೆಚ್ಚಿಲ್ಲ, ಒಂದು ಕಣ ಕಡಿಮೆ ಇಲ್ಲ. ಈಗ ಉಳಿಯೋ ಪ್ರಶ್ನೆಗೆ ಕಂಪ್ಯೂಟರ್ ಉತ್ತರ ಕೊಡೋಕಾಗಲ್ಲ: ಸರಿಯಾಗಿ ಅರ್ಧ ಬಂದರೆ ಏನು ಮಾಡಬೇಕು ಅಂತ ನಿಮ್ಮ ವಿಶ್ವವಿದ್ಯಾಲಯ ಹೇಳಿದೆ?

ಬಿಡಿಲೆಕ್ಕ

ಶೇಷ! ಹೈಸ್ಕೂಲ್ ಬಿಟ್ಟ ಮೇಲೆ ಆ ಪದ ಕೇಳಿದ್ದೇ ಇವತ್ತು. ಕನ್ಸೋಲ್‌ನಲ್ಲಿ ನೋಡಿದೆ ಸರ್, ನೀವು ಹೇಳಿದ ಅಂಕಿಗಳೇ ಬಂದವು. ಅಂದ್ರೆ ಎರಡನೇ ಹುಡುಗನ 8.99 ಅಂಕಪಟ್ಟಿಗೆ ಸರಿಹೊಂದಿದ್ದು ನನ್ನ ಜಾಣತನದಿಂದ ಅಲ್ಲ, ಕಾಕತಾಳೀಯ. ಎರಡು ವರ್ಷದಲ್ಲಿ ಹೀಗೆ ಇನ್ನೆಷ್ಟು ಜನಕ್ಕೆ ಏನೇನು ತೋರಿಸಿದೆಯೋ.

ನಿಯಮಾವಳಿ ತೆಗೆದು ನೋಡಿದೆ. "ಎರಡು ದಶಮಾಂಶ ಸ್ಥಾನಗಳವರೆಗೆ ಲೆಕ್ಕಹಾಕತಕ್ಕದ್ದು" ಅಂತಿದೆ. ಅಷ್ಟೇ. ರೌಂಡ್ ಮಾಡು ಅಂತಲೂ ಇಲ್ಲ, ಕತ್ತರಿಸು ಅಂತಲೂ ಇಲ್ಲ.

ಹಳೇಕಡತ

ನಾನು ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಯಾವುದು ಅಂತ ಕೇಳಬೇಡಿ.

"ಎರಡು ಸ್ಥಾನಗಳವರೆಗೆ" ಎಂಬ ಆ ವಾಕ್ಯ ನನಗೆ ಚೆನ್ನಾಗಿ ಗೊತ್ತು. ಬರೆದವರಿಗೆ ಅದರಲ್ಲಿ ಎರಡು ಅರ್ಥವಿದೆ ಎಂದು ಹೊಳೆದಿರುವುದಿಲ್ಲ. ಸಾಫ್ಟ್‌ವೇರ್ ಬರೆಯುವವನಿಗೆ ಹೊಳೆಯುತ್ತದೆ, ಅವನು ತನಗೆ ತೋಚಿದ್ದನ್ನು ಮಾಡುತ್ತಾನೆ. ಆಮೇಲೆ ಹತ್ತು ವರ್ಷ ಅದೇ ನಿಯಮ. ಹೀಗಾಗಿ ಪುಸ್ತಕದ ನಿಯಮ ಒಂದು, ಯಂತ್ರದ ನಿಯಮ ಒಂದು. ನಿಮ್ಮ ಇಬ್ಬರ ಅಂಕಪಟ್ಟಿ ನೋಡಿದರೆ ಅಲ್ಲಿ ಮೂರನೇ ಅಂಕಿಯನ್ನು ಕತ್ತರಿಸುತ್ತಾರೆ ಎನಿಸುತ್ತದೆ. ಆದರೆ ಎರಡೇ ಪಟ್ಟಿ ನೋಡಿ ತೀರ್ಮಾನಕ್ಕೆ ಬರಬೇಡಿ. ಮೂರನೇ ಅಂಕಿ 6 ಅಥವಾ 7 ಇರುವವರ ಪಟ್ಟಿ ನಾಲ್ಕಾರು ಸಂಗ್ರಹಿಸಿ ನೋಡಿ.

ಆದರೆ ತಮ್ಮಾ, ದಶಮಾಂಶಕ್ಕಿಂತ ದೊಡ್ಡ ಗುಂಡಿ ಬೇರೆ ಇದೆ. ನಿಮ್ಮ ಆ್ಯಪಿನಲ್ಲಿ ಫೇಲ್ ಆದ ವಿಷಯವನ್ನು ಏನು ಮಾಡುತ್ತೀರಿ? ಒಬ್ಬ ಹುಡುಗ 20 ಕ್ರೆಡಿಟ್ ತೆಗೆದುಕೊಂಡ, 16ರಲ್ಲಿ ಪಾಸಾಗಿ 128 ಪಾಯಿಂಟ್ ಬಂತು, 4 ಕ್ರೆಡಿಟ್ಟಿನ ಒಂದು ವಿಷಯ ಉಳಿಯಿತು. 128 ಭಾಗ 16 ಎಂದರೆ 8.00. 128 ಭಾಗ 20 ಎಂದರೆ 6.40. ಎರಡೂ ಬಗೆಯ ನಿಯಮ ಚಾಲ್ತಿಯಲ್ಲಿದೆ. ಮುಂದೆ ಅವನು ಆ ವಿಷಯ ಕಟ್ಟಿ ಪಾಸಾದರೆ ಹಳೆಯ ಸೊನ್ನೆ ಅಳಿಯುತ್ತದೆಯೋ, ಅಥವಾ ಎಷ್ಟೇ ಚೆನ್ನಾಗಿ ಬರೆದರೂ ಕನಿಷ್ಠ ಪಾಸ್ ಗ್ರೇಡೇ ಸಿಗುತ್ತದೆಯೋ? ಕ್ರೆಡಿಟ್ ಇದ್ದೂ ಗ್ರೇಡ್ ಇಲ್ಲದ, ಬರೀ ಪಾಸ್ ಅಥವಾ ಫೇಲ್ ಎನ್ನುವ ವಿಷಯಗಳನ್ನು ಛೇದದಲ್ಲಿ ಸೇರಿಸುತ್ತೀರಾ? ಬೇರೆ ಕಾಲೇಜಿನಿಂದ ಬಂದವರ ಕ್ರೆಡಿಟ್? ಕೃಪಾಂಕ ಕೊಟ್ಟು ಪಾಸು ಮಾಡಿದವರ ಗ್ರೇಡ್?

ನಮ್ಮ ಕೌಂಟರಿಗೆ ಬರುತ್ತಿದ್ದ ಹುಡುಗರಲ್ಲಿ ಗುಣಾಕಾರ ತಪ್ಪಿದವರು ಕಡಿಮೆ. ಛೇದ ತಪ್ಪಿದವರೇ ಹೆಚ್ಚು.

ಮೀನಮೇಷ

ಛೇದದ ವಿಷಯ ಬಂತಲ್ಲ, ನನ್ನದೊಂದು ಉಂಟು ಮಾರಾಯ್ರೆ. ನಾನು ಬೇರೆ ಯಾವುದೋ ಆ್ಯಪ್ ಬಳಸ್ತಿದ್ದೆ. ಅದು ಪ್ರತಿ ಸೆಮ್‌ನ ಎಸ್‌ಜಿಪಿಎ ಕೂಡಿಸಿ ಸೆಮ್‌ಗಳ ಸಂಖ್ಯೆಯಿಂದ ಭಾಗ ಮಾಡ್ತಿತ್ತು. ಒಂದು ಸೆಮ್ 16 ಕ್ರೆಡಿಟ್, 147 ಪಾಯಿಂಟ್, 9.19. ಇನ್ನೊಂದು 24 ಕ್ರೆಡಿಟ್, 168 ಪಾಯಿಂಟ್, ಸರಿಯಾಗಿ 7. ಅದರ ಲೆಕ್ಕದಲ್ಲಿ ನಾನು 8.10. ನಿಜವಾಗಿ 315 ಭಾಗ 40, ಅಂದ್ರೆ 7.875. ಒಂದು ಇಡೀ ಸೆಮ್ ನಾನು ಎಂಟರವನು ಅಂತ ಎದೆ ಉಬ್ಬಿಸಿಕೊಂಡು ತಿರುಗಿದ್ದು ಮಾತ್ರ ಲಾಭ.

ಸರಾಸರಿಗಳ ಸರಾಸರಿ ತೆಗೆಯೋದು ತಪ್ಪು ಅಂತ ಗೊತ್ತಿರಲಿಲ್ಲ ಅಂತಲ್ಲ. ಪರೀಕ್ಷೆಯಲ್ಲಿ ಕೇಳಿದ್ರೆ ಬರೀತಿದ್ದೆ. ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ಉತ್ತರ ಬಂದಾಗ ಯಾರು ಮಾರಾಯ್ರೆ ಕೂತು ತಾಳೆ ನೋಡೋದು?

ತಲೆಹರಟೆ

ನೀವು ಹೇಳೋದೆಲ್ಲ ಸರಿ. ಆದ್ರೆ ಒಂದು ವಿದ್ಯಾರ್ಥಿ ಆ್ಯಪ್, ಬಿಟ್ಟಿ ಕೊಟ್ಟಿದ್ದಾನೆ. ಕೆಳಗೆ "ಇದು ಅಧಿಕೃತವಲ್ಲ" ಅಂತ ಒಂದು ಸಾಲು ಹಾಕಿದ್ರೆ ಮುಗೀತು. ಅದನ್ನ ನಂಬಿ ಅರ್ಜಿ ತುಂಬಿದ್ದು ಅವಳ ತಪ್ಪು. ಅಂಕಪಟ್ಟಿ ಬರೋ ತನಕ ಕಾಯಬೇಕಿತ್ತು.

ಮೀನಮೇಷ

ಅರ್ಜಿಯ ಕೊನೇ ದಿನ ಅಂಕಪಟ್ಟಿಗೆ ಕಾಯ್ತದಾ? ನೀವು ಯಾವ ಲೋಕದವರು?

ತಲೆಹರಟೆ

ಹಾಗಂತ ಸಿಕ್ಕಿದ್ದು ತುಂಬಿಬಿಡೋದಾ? ಓದಿದವರು ಅಂತೀರಿ, ಒಂದು ಭಾಗಾಕಾರ

ಮಧ್ಯಸ್ಥ

ಇಲ್ಲಿಗೆ ಸಾಕು. ಮೇಲಿನ ಉತ್ತರದ ಉಳಿದ ಭಾಗ ತೆಗೆದಿದ್ದೇನೆ. ಆ ವಿದ್ಯಾರ್ಥಿನಿಯನ್ನು ಬಿಟ್ಟು ಲೆಕ್ಕದ ಬಗ್ಗೆ ಮಾತಾಡಿ.

ದೂರತೀರ

ರೌಂಡ್ ಮಾಡಬೇಕಾ ಕತ್ತರಿಸಬೇಕಾ ಅನ್ನೋ ಮಾತಿಗೆ ನನ್ನದೊಂದಿಷ್ಟು. ಎರಡು ದೇಶದಲ್ಲಿ ಓದಿದ್ದೀನಿ, ಎರಡು ಕಡೆನೂ ಇಂಥ ಆ್ಯಪ್‌ಗಳನ್ನ ಹುಡುಕಾಡಿದ್ದೀನಿ.

ಇಂಗ್ಲೆಂಡಿನಲ್ಲಿ ಮೂರು ವರ್ಷದ ಆನರ್ಸ್ ಪದವಿಗೆ 360 ಕ್ರೆಡಿಟ್, ವರ್ಷಕ್ಕೆ 120. ಸರಾಸರಿ 70 ಬಂದರೆ ಫಸ್ಟ್ ಕ್ಲಾಸ್, 60ಕ್ಕೆ ಅಪ್ಪರ್ ಸೆಕೆಂಡ್, 50ಕ್ಕೆ ಲೋವರ್ ಸೆಕೆಂಡ್, 40ಕ್ಕೆ ಥರ್ಡ್. ಕೇಳೋಕೆ ಸಲೀಸು. ಆದರೆ ಮೊದಲ ವರ್ಷ ಸಾಮಾನ್ಯವಾಗಿ ಲೆಕ್ಕಕ್ಕೇ ಬರಲ್ಲ, ಪಾಸಾದರೆ ಸಾಕು. ಉಳಿದ ಎರಡು ವರ್ಷಕ್ಕೆ ಒಂದು ಕಡೆ 40ಕ್ಕೆ 60ರ ತೂಕ, ಇನ್ನೊಂದು ಕಡೆ ಮೂರರಲ್ಲಿ ಒಂದು, ಮೂರರಲ್ಲಿ ಎರಡು. ಅಂದರೆ ಒಂದೇ ಅಂಕಗಳನ್ನ ಹಿಡ್ಕೊಂಡು ಎರಡು ವಿಶ್ವವಿದ್ಯಾಲಯಕ್ಕೆ ಹೋದರೆ ಎರಡು ಕ್ಲಾಸ್ ಬರಬಹುದು. ಅಲ್ಲಿ ವಿದ್ಯಾರ್ಥಿಗಳೇ ಮಾಡಿದ ಕ್ಯಾಲ್ಕುಲೇಟರ್ ಇಲ್ಲದ ಕ್ಯಾಂಪಸ್ ಕಡಿಮೆ, ಕಾರಣ ಇದೇ.

ಜರ್ಮನಿಯಲ್ಲಿ ಎಲ್ಲ ತಲೆಕೆಳಗು. 1.0 ಅತಿ ಒಳ್ಳೆಯದು, 4.0ಕ್ಕೆ ಪಾಸು, 5.0 ಅಂದ್ರೆ ಫೇಲ್. ಹೊರಗಿನವರ ಅಂಕ ಬದಲಿಸೋಕೆ ಅಲ್ಲಿ ಬಳಸೋದು ಬವೇರಿಯನ್ ಸೂತ್ರದ ತಿದ್ದಿದ ರೂಪ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಕನಿಷ್ಠ ಪಾಸ್ ಕಳೆದದ್ದರಿಂದ ಅದನ್ನ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿ. 10ರ ಸ್ಕೇಲ್, 4ಕ್ಕೆ ಪಾಸು, ನಿಮಗೆ 7.9 ಅಂದ್ಕೊಳ್ಳಿ. 2.1 ಭಾಗ 6, ಗುಣಿಸು 3, ಕೂಡು 1: 2.05. ಅಲ್ಲಿನ ಬಹಳಷ್ಟು ಪರೀಕ್ಷಾ ನಿಯಮಾವಳಿಗಳು ಅಂತಿಮ ಗ್ರೇಡಿನ ಬಗ್ಗೆ ಸ್ಪಷ್ಟವಾಗಿ ಹೇಳ್ತವೆ: ಒಂದೇ ದಶಮಾಂಶ ಇಟ್ಕೋ, ಉಳಿದದ್ದನ್ನ ರೌಂಡ್ ಮಾಡದೆ ಕತ್ತರಿಸು. ಅಲ್ಲಿ ಕಡಿಮೆ ಇದ್ದಷ್ಟೂ ಒಳ್ಳೇದು, ಹಾಗಾಗಿ ಕತ್ತರಿ ವಿದ್ಯಾರ್ಥಿಯ ಪರ!

ಭಾರತದ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಸಿಬಿಸಿಎಸ್, ಅಂದ್ರೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಯಲ್ಲಿ ಇದಕ್ಕೆ ವಿರುದ್ಧ. ಎಸ್‌ಜಿಪಿಎ, ಸಿಜಿಪಿಎ ಎರಡನ್ನೂ 2 ದಶಮಾಂಶಕ್ಕೆ ರೌಂಡ್ ಆಫ್ ಮಾಡಿ ಅಂತಲೇ ಇದೆ. ಅಲ್ಲಿ 7.995 ಅಂದ್ರೆ 8.00, ಮಾತೇ ಇಲ್ಲ.

ಹಳೇಕಡತ

ದೂರತೀರ ಅವರು ಹೇಳಿದ್ದು ಸರಿ. ಆದರೆ ಮಾರ್ಗಸೂಚಿ ಬೇರೆ, ವಿಶ್ವವಿದ್ಯಾಲಯ ತಾನು ಅಂಗೀಕರಿಸಿದ ನಿಯಮಾವಳಿ ಬೇರೆ. ಜಗಳ ಆಡುವಾಗ ಎರಡನೆಯದನ್ನು ಹಿಡಿದು ಆಡಬೇಕು.

ಪಾಟಿಬಳಪ

ಇದರ ಮ್ಯಾಲ ಪರ್ಸೆಂಟೇಜ್ ಮಾಡೂದೊಂದ ಐತಿ, ಅದನ್ನ್ಯಾಕ ಬಿಟ್ರಿ? ಒಬ್ಬರು ಸಿಜಿಪಿಎನ ಸೀದಾ 10ರಿಂದ ಗುಣಿಸು ಅಂತಾರ. ಇನ್ನೊಬ್ಬರು 0.75 ಕಳದು ಆಮ್ಯಾಲ 10ರಿಂದ ಗುಣಿಸು ಅಂತಾರ. ಮತ್ತೊಬ್ಬರು 9.5ರಿಂದ ಗುಣಿಸು ಅಂತಾರ. ಒಂದ 8.00ಕ್ಕ 80, 72.5, 76. ಈ ಹುಡುಗನ ಆ್ಯಪಿನಾಗ ಯಾವುದ ಐತಿ?

(ಎಕ್ಸೆಲ್ ಮಾತು ನಾ ವಾಪಸ್ ತಗೊಂಡೇನಿ. ನನ್ನ ಮಗಳ ಶೀಟ್ ತಗದು ನೋಡಿದೆ, ಸೆಮ್ ಸರಾಸರಿಗಳ ಸರಾಸರಿನೇ ಹಾಕಿಟ್ಟಾಳ!)

ಬಿಡಿಲೆಕ್ಕ

10ರಿಂದ ಗುಣಿಸಿದ್ದೀನಿ ಸರ್. ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ, ಸುಲಭ ಅಂತ. ನಾಳೆ ಅದನ್ನ ತೆಗೀತೀನಿ. ಸೂತ್ರ ಯಾವುದು ಅಂತ ಬಳಕೆದಾರರೇ ಆರಿಸಲಿ, ಆರಿಸೋ ತನಕ ಪರ್ಸೆಂಟೇಜ್ ಕಾಣಲ್ಲ.

ಕೊನೆಬೆಂಚು

ಗುರು, ನಿನ್ನ ಆ್ಯಪಲ್ಲಿ "ಕೊನೇ ಸೆಮ್‌ನಲ್ಲಿ ಎಷ್ಟು ಬೇಕು" ಅಂತ ಒಂದು ಬಟನ್ ಇದೆಯಲ್ಲ, ಅದನ್ನ ಮೊದಲು ಸರಿ ಮಾಡು. ನಂದು 140 ಕ್ರೆಡಿಟ್ ಮುಗಿದಿದೆ, 1050 ಪಾಯಿಂಟ್, 7.5. ಇನ್ನು 20 ಕ್ರೆಡಿಟ್ ಬಾಕಿ. ಒಟ್ಟು 8 ಬರಬೇಕು ಅಂತ ಹಾಕಿದೆ. "ಮುಂದಿನ ಸೆಮ್‌ನಲ್ಲಿ 11.50 ತೆಗೆದರೆ ಸಾಕು, ಆಲ್ ದಿ ಬೆಸ್ಟ್" ಅಂತು. ಹತ್ತಕ್ಕೆ ಹನ್ನೊಂದೂವರೆ!

ನಗ್ತಾ ನಗ್ತಾ ರೂಮಿನವರಿಗೆಲ್ಲ ತೋರಿಸಿದೆ. ಆಮೇಲೆ ಒಬ್ಬನೇ ಕೂತಾಗ ನಗು ಬರಲಿಲ್ಲ. ಆ 8 ನನ್ನ ಕೈ ತಪ್ಪಿ ಹೋಗಿದೆ ಅಂತ ಅದು ನೇರವಾಗಿ ಹೇಳಬೇಕಿತ್ತು. ಎಲ್ಲದಕ್ಕೂ 10 ಬಂದರೂ 1250 ಭಾಗ 160, 7.81. ಅದೇ ನನ್ನ ಚಾವಣಿ. ಚಾವಣಿ ಎಷ್ಟು ಎತ್ತರ ಇದೆ ಅಂತ ಮೊದಲೇ ತೋರಿಸು. 7.75 ಬೇಕು ಅಂದ್ರೆ 9.5 ತೆಗೀಬೇಕು ಅಂತ ಆಮೇಲೆ ಹೇಳು. ಅದಾದರೂ ಮನುಷ್ಯ ಪ್ರಯತ್ನ ಪಡೋವಂಥದ್ದು.

ಬೀಗದಕೈ

ನಾನು ಆ್ಯಪ್ ತೆರೆದು ಒಳಗೆ ಇಣುಕಿ ನೋಡಿದೆ. ಲೆಕ್ಕದ ವಿಷಯ ಬಿಡಿ, "ಹಂಚಿಕೊಳ್ಳಿ" ಒತ್ತಿದರೆ ಬರೋ ಲಿಂಕಿನಲ್ಲೇ ಎಲ್ಲ ವಿಷಯದ ಗ್ರೇಡೂ ಇದೆ. ಪ್ರಶ್ನಾರ್ಥಕ ಚಿಹ್ನೆಯ ನಂತರ ಸಾಲಾಗಿ. ಅಂದರೆ ಯಾರೇ ಆ ಲಿಂಕ್ ತೆರೆದರೂ ಅಷ್ಟೂ ಅಂಕಿ ನಿಮ್ಮ ಸರ್ವರಿಗೆ ಹೋಗುತ್ತೆ, ಅಲ್ಲಿನ ಲಾಗ್‌ನಲ್ಲಿ (ಬಂದದ್ದನ್ನೆಲ್ಲ ದಾಖಲಿಸೋ ಕಡತ) ಉಳಿಯುತ್ತೆ. ಯಾರ ಯಾವ ವಿಷಯ ಡುಮ್ಕಿ ಅನ್ನೋದು ನಿಮ್ಮ ಡಿಸ್ಕಿನಲ್ಲಿ ಬಿದ್ದಿದೆ, ನಿಮಗೇ ಗೊತ್ತಿಲ್ಲದೆ.

ಅದನ್ನೇ ಲಿಂಕಿನ ಹ್ಯಾಶ್ (#) ಚಿಹ್ನೆಯ ಆಚೆಗೆ ಇಡಿ. ಹ್ಯಾಶ್‌ನ ಆಚೆಗಿನ ಭಾಗವನ್ನ ಬ್ರೌಸರ್ ಸರ್ವರಿಗೆ ಕಳಿಸಲ್ಲ. ಹಾಗೇ ನೀವು ಲೋಕಲ್ ಸ್ಟೋರೇಜ್‌ನಲ್ಲಿ, ಅಂದ್ರೆ ಬಳಸುವವರ ಬ್ರೌಸರಿನೊಳಗೇ, ಹಿಂದಿನ ಸಲ ತುಂಬಿದ್ದನ್ನ ಇಟ್ಟುಕೊಳ್ತೀರಿ. ಸ್ವಂತ ಫೋನಿನಲ್ಲಿ ಅನುಕೂಲ. ಕಾಲೇಜ್ ಲ್ಯಾಬಿನ ಕಂಪ್ಯೂಟರಿನಲ್ಲಿ ಮುಂದೆ ಬಂದು ಕೂತವನಿಗೆ ಹಿಂದಿನವನ ಜಾತಕವೇ ಸಿಗುತ್ತೆ. "ಎಲ್ಲ ಅಳಿಸು" ಅನ್ನೋ ಬಟನ್ ಕೊಡಿ, ಕಣ್ಣಿಗೆ ಬೀಳೋ ಜಾಗದಲ್ಲಿ.

ಬಿಡಿಲೆಕ್ಕ

ಇದು ನನ್ನ ತಲೆಗೇ ಹೋಗಿರಲಿಲ್ಲ. ಈಗಷ್ಟೇ ಹಂಚಿಕೊಳ್ಳೋ ಬಟನ್ ಆಫ್ ಮಾಡಿ ಬಂದೆ. ಹಳೇ ಲಾಗ್ ಕೂಡ ಅಳಿಸಿದೆ. ತೆರೆದು ನೋಡ್ಲಿಲ್ಲ, ಪ್ರಾಮಿಸ್.

ನೀಲಿಶಾಯಿ

ಆ 7.99 ನಾನೇ.

ಖಾತೆ ತೆರೆದಿದ್ದು ಈ ಉತ್ತರ ಬರೆಯೋಕೆ. ತಲೆಹರಟೆ ಅವರೇ, ಒಂದು ಭಾಗಾಕಾರ ನಾನು ಮಾಡಿದ್ದೆ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 52 ವಿಷಯ ಸಾಲಾಗಿ ಬರೆದು, ಕೂಡಿ, ಭಾಗಿಸಿ. 7.995 ಬಂತು. ಈಗೇನು ಮಾಡೋದು ಅಂತ ಪೆನ್ ಕಚ್ಚಿಕೊಂಡು ಕೂತಿದ್ದಾಗ ಇವನ ಆ್ಯಪ್ ನೆನಪಾಯ್ತು. 8.00 ಅಂತ ಬಂದು, ಚೂರು ಉದುರಿ, ಹಸಿರು ಬಣ್ಣ ಆದಮೇಲೆ ನಾನು ಆ ಹಾಳೆ ಮಡಚಿಟ್ಟೆ. ನನ್ನ ಕೈಲೆಕ್ಕದಲ್ಲೇ ಏನೋ ಕಡಿಮೆ ಬಿದ್ದಿದೆ ಅಂದ್ಕೊಂಡೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

"ಅಧಿಕೃತವಲ್ಲ" ಅನ್ನೋ ಸಾಲು ಆಗಲೂ ಇತ್ತು. ಪುಟದ ಬುಡದಲ್ಲಿ, ತಿಳಿ ಬೂದು ಬಣ್ಣದಲ್ಲಿ.

ಇವನಿಗೆ ಹೇಳೋದು ಇಷ್ಟೇ: ನೀನು ಸಾರಿ ಕೇಳಿದ್ದು ಸಾಕು ಕಣೋ, ನಾಲ್ಕು ಸಲ ಆಯ್ತು. ಎರಡೇ ಅಂಕಿ ತೋರಿಸೋದು ಬಿಡು. 1599 ಭಾಗ 200 ಅಂತ ತೋರಿಸು, 7.995 ಅಂತ ಪೂರ್ತಿ ತೋರಿಸು, ಅದರ ಕೆಳಗೆ "ರೌಂಡ್ ಮಾಡಿದರೆ 8.00, ಕತ್ತರಿಸಿದರೆ 7.99" ಅಂತ ಎರಡೂ ಬರೆ. ಅಷ್ಟು ಕಂಡಿದ್ರೆ ನಾನು ಅರ್ಜಿ ಒತ್ತೋ ಮುಂಚೆ ಪರೀಕ್ಷಾ ವಿಭಾಗಕ್ಕೆ ಹೋಗಿ ಕೇಳ್ತಿದ್ದೆ. ಕೊನೇ ದಿನಕ್ಕೆ ಇನ್ನೂ ಆರು ದಿನ ಇತ್ತು.

ಅಮ್ಮ ಆ ಸ್ಕ್ರೀನ್‌ಶಾಟ್ ಇನ್ನೂ ಡಿಪಿ ಇಟ್ಕೊಂಡಿದ್ದಾರೆ. ತೆಗೀರಿ ಅಂತ ಹೇಳೋಕೆ ಬಾಯಿ ಬಂದಿಲ್ಲ.

ತಲೆಹರಟೆ

ಕ್ಷಮಿಸಿ ಮೇಡಂ. ಗೊತ್ತಿಲ್ಲದೆ ಮಾತಾಡಿದೆ.

ಹಳೇಕಡತ

ನೀಲಿಶಾಯಿ ಅವರೇ, ಆ ಹಾಳೆ ಎಸೆದಿಲ್ಲ ತಾನೇ? ಎಸೆಯಬೇಡಿ. ಪರೀಕ್ಷಾ ವಿಭಾಗಕ್ಕೆ ಒಂದು ಲಿಖಿತ ಮನವಿ ಕೊಡಿ. "ರೌಂಡ್ ಮಾಡಿ ಕೊಡಿ" ಎಂದು ಕೇಳಬೇಡಿ, ಅದಕ್ಕೆ ಆಗುವುದಿಲ್ಲ ಎಂದು ಒಂದು ಪದದಲ್ಲಿ ಬರೆದು ಕಳಿಸುತ್ತಾರೆ. ಮೂರನೇ ದಶಮಾಂಶವನ್ನು ಕೈಬಿಡಲು ನಿಯಮಾವಳಿಯ ಯಾವ ಕಲಮಿನಲ್ಲಿ ಅವಕಾಶವಿದೆ, ಆ ಬಗ್ಗೆ ವಿದ್ಯಾವಿಷಯಕ ಪರಿಷತ್ತಿನ ನಿರ್ಣಯವಿದ್ದರೆ ಅದರ ಪ್ರತಿ ಕೊಡಿ ಎಂದು ಕೇಳಿ. ಲೆಕ್ಕದ ಹಾಳೆ ಲಗತ್ತಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಕಲಮು ಇಲ್ಲದಿದ್ದರೆ ಕಡತ ಮೇಲಕ್ಕೆ ಹೋಗಲೇಬೇಕು. ತಡವಾಗುತ್ತದೆ, ಆ ಅರ್ಜಿಗೆ ಇದರಿಂದ ಪ್ರಯೋಜನವಾಗದೆ ಇರಬಹುದು. ಆದರೆ 1799 ಬಂದ ಆ ಹುಡುಗನೂ ನಿಮ್ಮ ಜೊತೆ ಸಹಿ ಹಾಕಲಿ. ಅವನಿಗೂ 9.00 ತಪ್ಪಿದೆ, ಅವನಿಗೆ ಗೊತ್ತಿದ್ದಂತಿಲ್ಲ.

ನೀಲಿಶಾಯಿ

ಹಾಳೆ ಇದೆ ಸರ್. ಸೋಮವಾರ ಹೋಗ್ತೀವಿ, ಇಬ್ಬರೂ.

ಬಿಡಿಲೆಕ್ಕ

ಹೊಸ ಆವೃತ್ತಿ ಹಾಕಿದ್ದೀನಿ. ಏನೇನು ಬದಲಾಯ್ತು ಅಂದ್ರೆ, ಲೆಕ್ಕ ಪೂರ್ತಿ ಪೂರ್ಣಾಂಕದಲ್ಲಿ ನಡೆಯುತ್ತೆ, ಕೊನೆಗೆ ಭಾಗಲಬ್ಧ, ಶೇಷ ಎರಡೂ ಕಾಣುತ್ತೆ. ಎರಡು ರೀತಿಯ ಉತ್ತರ ಬೇರೆ ಬೇರೆ ಬಂದರೆ ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ, ಪಕ್ಕಪಕ್ಕದಲ್ಲಿ. ಫೇಲಾದ ಕ್ರೆಡಿಟ್ ಛೇದಕ್ಕೆ ಸೇರಬೇಕಾ ಅಂತ ಮೊದಲ ಪುಟದಲ್ಲೇ ಕೇಳುತ್ತೆ, ಉತ್ತರ ಗೊತ್ತಿಲ್ಲ ಅಂದ್ರೆ ಎರಡೂ ಲೆಕ್ಕ ಮಾಡಿ ತೋರಿಸುತ್ತೆ. ಕೊನೆಬೆಂಚು ಅವರ ಚಾವಣಿ ಬಂದಿದೆ. ಹ್ಯಾಶ್ ಬಂದಿದೆ. "ಎಲ್ಲ ಅಳಿಸು" ಮೇಲ್ಗಡೆ ಬಲಕ್ಕೆ ಇದೆ. ಮರುಪರೀಕ್ಷೆಯ ಗ್ರೇಡ್ ನಿಯಮ ಇನ್ನೂ ಆಗಿಲ್ಲ, ಅದಕ್ಕೆ ಹಳೇಕಡತ ಸರ್ ಹತ್ತಿರ ಇನ್ನೂ ಕೇಳೋದಿದೆ.

ಕಾಗದದ ಚೂರು ತೆಗೆದಿದ್ದೀನಿ.

ಕೊನೆಬೆಂಚು

ಚೂರು ಯಾಕೆ ತೆಗೆದೆ ಗುರು, 7.81ಕ್ಕೆ ಉದುರಿಸು.

ದೂರತೀರ

ಪರೀಕ್ಷೆ ಮಾಡಿ ನೋಡಿದೆ, ಚೆನ್ನಾಗಿದೆ. ಒಂದು ದೂರು. ಈಗ ಗ್ರೇಡ್ ಸ್ಕೇಲ್ ನಾವೇ ಹಾಕಬಹುದು ಅಂತ ಕೊಟ್ಟಿದ್ದೀರಲ್ಲ, ಡೆನ್ಮಾರ್ಕಿನಲ್ಲಿ ಓದ್ತಿರೋ ಗೆಳೆಯನಿಗೆ ಕಳಿಸಿದೆ. ಅವರ ಸ್ಕೇಲ್ 12, 10, 7, 4, 02, 00, ಕೊನೆಗೆ ಮೈನಸ್ 3. ಏಳೇ ಮೆಟ್ಟಿಲು, ಮಧ್ಯೆ ಅಂತರ ಒಂದೇ ಸಮ ಇಲ್ಲ, ಕೆಳಗಿನದು ಸೊನ್ನೆಗಿಂತ ಕೆಳಗೆ. ಮೈನಸ್ 3 ಹಾಕಿದ ತಕ್ಷಣ ನಿಮ್ಮ ಡಬ್ಬಿ ಕೆಂಪಾಗಿ "ಸರಿಯಾದ ಗ್ರೇಡ್ ನಮೂದಿಸಿ" ಅನ್ನುತ್ತೆ. 02 ಹಾಕಿದ್ರೆ ಮುಂದಿನ ಸೊನ್ನೆ ನುಂಗಿ 2 ಅಂತ ಮಾಡುತ್ತೆ.

ಬಿಡಿಲೆಕ್ಕ

ಮೈನಸ್ ಗ್ರೇಡ್ ಅಂತ ಒಂದಿದೆ ಅಂತಲೇ ಗೊತ್ತಿರಲಿಲ್ಲ! ಸೊನ್ನೆಗಿಂತ ಕಡಿಮೆ ಬೇಡ ಅಂತ ತಡೆ ಹಾಕಿದ್ದೆ, ತೆಗೀತೀನಿ. ಗ್ರೇಡಿನ ಹೆಸರನ್ನ ಅಕ್ಷರವಾಗಿ, ಬೆಲೆಯನ್ನ ಅಂಕಿಯಾಗಿ ಬೇರೆ ಬೇರೆ ಇಟ್ಟರೆ 02 ಕೂಡ ಸರಿಯಾಗುತ್ತೆ ಅನಿಸುತ್ತೆ. ನೆಗೆಟಿವ್ ಬಂದಾಗ ಆ ಭಾಗಲಬ್ಧ, ಶೇಷದ ಕೋಡ್ ಯಾವ ಕಡೆ ಕತ್ತರಿಸುತ್ತೆ ಅಂತಲೂ ನೋಡಬೇಕು. ದಶಮಾಂಶ ಸರ್, ಇದ್ದೀರಾ?

ದಶಮಾಂಶ

ಇದ್ದೀನಿ. ಜಾವಾಸ್ಕ್ರಿಪ್ಟಿನಲ್ಲಿ ಮ್ಯಾಥ್ ಫ್ಲೋರ್ ಮೈನಸ್ 0.5 ಅನ್ನ ಮೈನಸ್ 1 ಮಾಡುತ್ತೆ, ಮ್ಯಾಥ್ ಟ್ರಂಕ್ ಸೊನ್ನೆಗೆ ತರುತ್ತೆ. ನೀವು ಯಾವುದು ಬಳಸಿದ್ದೀರಿ, ಆ ಸಾಲು ಇಲ್ಲಿ ಹಾಕಿ.